ಹೊಟ್ಟೆಯ ಮೇಲೊಂದು ಚೀಲ: ಕರಾವಳಿಯ ಸೆಖೆಯಲ್ಲಿ ಯೂರೋಸ್ಟಮಿ ಜೊತೆ ದಿನ ಕಳೆಯುವುದು ಹೇಗೆ

ವಾರಕ್ಕೆ ಎರಡು ದಿನ ಬೆಳಿಗ್ಗೆ ಐದೂವರೆಗೆ ನಮ್ಮನೆಯಲ್ಲಿ ಎಲ್ಲರಿಗಿಂತ ಮೊದಲು ನಾನು ಏಳುತ್ತೇನೆ. ಚಹಾ ಇಲ್ಲ. ಒಂದು ಗುಟುಕು ನೀರೂ ಇಲ್ಲ. ರೂಮಿನ ಬಾಗಿಲು ಹಾಕಿ, ಫ್ಯಾನಿನ ಕೆಳಗೆ ಕುರ್ಚಿ ಎಳೆದುಕೊಂಡು ಕೂರುತ್ತೇನೆ. ಗಾಜ್ ಬಟ್ಟೆಯನ್ನು ದೀಪದ ಬತ್ತಿ ಹೊಸೆದ ಹಾಗೆ ಹೊಸೆದು ಐದಾರು ಸುರುಳಿ ಮಾಡಿಟ್ಟುಕೊಳ್ಳುತ್ತೇನೆ. ಆಮೇಲೆ ಹೊಟ್ಟೆಯ ಬಲಗಡೆ ಅಂಟಿಕೊಂಡಿರುವ ಚೀಲವನ್ನು ನಿಧಾನಕ್ಕೆ ಬಿಡಿಸುತ್ತೇನೆ.

2021ರಲ್ಲಿ ನನ್ನ ಮೂತ್ರಕೋಶವನ್ನು ತೆಗೆದರು. ಈಗ ಮೂತ್ರ ಹೊಟ್ಟೆಯ ಮೇಲೆ ಮಾಡಿದ ಬಾಯಿಯಿಂದ ಈ ಚೀಲಕ್ಕೆ ಬರುತ್ತದೆ, ಇದಕ್ಕೇ ಯೂರೋಸ್ಟಮಿ ಎನ್ನುವುದು. ಕ್ಯಾನ್ಸರ್ ಇತ್ತು. ನೋವಿಲ್ಲದೆ ಮೂತ್ರದಲ್ಲಿ ರಕ್ತ ಬಂದಿತ್ತು. ಉಷ್ಣ ಇರಬೇಕು ಅಂತ ಎಳನೀರು, ಕೊತ್ತಂಬರಿ ಕಷಾಯ ಕುಡಿದು ಎರಡು ತಿಂಗಳು ಸುಮ್ನೆ ಕಳೆದೆ. ನೀವು ಹಾಗೆ ಮಾಡಬೇಡಿ. ಮೂತ್ರದಲ್ಲಿ ರಕ್ತ ಒಂದೇ ಸಲ ಕಂಡರೂ ಡಾಕ್ಟರ್ ಹತ್ತಿರ ಹೋಗಿ.

ನಾನು ಉಡುಪಿಯವಳು, ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಡಾಕ್ಟರ್ ಅಲ್ಲ, ನರ್ಸ್ ಅಲ್ಲ. ಆದರೆ ಈ ಚೀಲದ ವಿಷಯ ಕೇಳಿಕೊಂಡು ನನಗೆ ಫೋನ್ ಮಾಡುವವರು ಈಗ ಜಾಸ್ತಿ ಆಗಿದ್ದಾರೆ. ಎಲ್ಲರಿಗೂ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ನಿಮ್ಮ ಡಾಕ್ಟರ್ ಬೇರೆ ಹೇಳಿದ್ದರೆ ಅವರ ಮಾತೇ ಕೇಳಿ.

ಒಳಗೆ ಏನು ಮಾಡಿರುತ್ತಾರೆ?

ಇದು ಗೊತ್ತಿದ್ದರೆ ಅರ್ಧ ಹೆದರಿಕೆ ಹೋಗುತ್ತದೆ. ಸಣ್ಣ ಕರುಳಿನ ಕೊನೆಯ ಭಾಗದಿಂದ ಸುಮಾರು 15ರಿಂದ 20 ಸೆಂಟಿಮೀಟರ್ ತುಂಡು ತೆಗೆಯುತ್ತಾರೆ. ಉಳಿದ ಕರುಳನ್ನು ಮತ್ತೆ ಜೋಡಿಸುತ್ತಾರೆ, ಹಾಗಾಗಿ ಮಲ ಹೋಗುವ ದಾರಿ ಮೊದಲಿನಂತೆಯೇ ಇರುತ್ತದೆ. ತೆಗೆದ ತುಂಡಿನ ಒಂದು ತುದಿಗೆ ಎರಡೂ ಕಿಡ್ನಿಯಿಂದ ಬರುವ ಮೂತ್ರನಾಳಗಳನ್ನು ಹೊಲಿಯುತ್ತಾರೆ. ಇನ್ನೊಂದು ತುದಿಯನ್ನು ಹೊಟ್ಟೆಯ ಹೊರಗೆ ತಂದು ಸ್ವಲ್ಪ ಮಡಚಿ ಕೂರಿಸುತ್ತಾರೆ. ಅದೇ ಸ್ಟೋಮಾ. ಇಡೀ ಏರ್ಪಾಟಿಗೆ ಇಲಿಯಲ್ ಕಾಂಡುಯಿಟ್ ಎಂದು ಹೆಸರು. ಅಮೆರಿಕದ ಯೂಜೀನ್ ಬ್ರಿಕರ್ ಎಂಬ ಸರ್ಜನ್ ಇದನ್ನು 1950ರಲ್ಲಿ ಬರೆದು ಪ್ರಕಟಿಸಿದರು. ಅಂದರೆ ಇದು ನಿನ್ನೆ ಮೊನ್ನೆಯ ಪ್ರಯೋಗ ಅಲ್ಲ.

ಈ ಕರುಳಿನ ತುಂಡು ಮೂತ್ರವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ನಮ್ಮ ಮಾಡಿನ ಹಂಚಿಗೆ ಕಟ್ಟಿದ ದಂಬೆ ಇದ್ದ ಹಾಗೆ, ಬಂದದ್ದನ್ನು ಆಚೆ ಸಾಗಿಸುತ್ತದೆ, ಅಷ್ಟೇ. ಆದ್ದರಿಂದ ಮೂತ್ರ ಹಗಲು ರಾತ್ರಿ ತೊಟ್ಟಿಕ್ಕುತ್ತಲೇ ಇರುತ್ತದೆ. ತಡೆಯಲು ಆಗುವುದಿಲ್ಲ. ಚೀಲ ಬೇಕಾಗುವುದು ಅದಕ್ಕೇ.

ಸ್ಟೋಮಾ ಕೆಂಪಗೆ, ಒದ್ದೆಯಾಗಿ, ನಮ್ಮ ಕೆನ್ನೆಯ ಒಳಭಾಗದಂತೆ ಇರುತ್ತದೆ. ಮುಟ್ಟಿದರೆ ನೋವಾಗುವುದಿಲ್ಲ. ಒರೆಸುವಾಗ ಒಂದೆರಡು ಹನಿ ರಕ್ತ ಬಂದರೆ ಗಾಬರಿ ಬೇಡ, ಹಲ್ಲುಜ್ಜುವಾಗ ವಸಡಿನಲ್ಲಿ ಬರುವುದಿಲ್ಲವಾ, ಹಾಗೆ. ಮೂತ್ರದಲ್ಲಿ ಬಿಳಿ ಬಿಳಿ ಲೋಳೆ ಎಳೆಗಳು ತೇಲುತ್ತವೆ. ಕೀವು ಅಂತ ನಾನು ಮೊದಲ ವಾರ ಅತ್ತಿದ್ದೆ. ಅದು ಕೀವಲ್ಲ. ಕರುಳು ಎಲ್ಲಿದ್ದರೂ ಲೋಳೆ ಮಾಡುತ್ತದೆ, ಅದರ ಅಭ್ಯಾಸ ಅದು.

ಆಪರೇಷನ್‌ಗೆ ಮುಂಚೆ: ಜಾಗ ಗುರುತು ಮಾಡಿಸಿಕೊಳ್ಳಿ

ಇದು ಒಂದು ಪೆನ್ನಿನ ಗುರುತು. ಆದರೆ ಮುಂದಿನ ಇಡೀ ಬದುಕಿಗೆ ಬೇಕಾಗುವಂಥದ್ದು. ನಾನು ಆಸ್ಪತ್ರೆಯ ನೈಟಿಯಲ್ಲಿ ಮಲಗಿದ್ದೆ. ಸಿಸ್ಟರ್ ಬಂದು ಹೊಟ್ಟೆ ನೋಡಿ, "ಟೀಚರ್, ಮನೆಯಲ್ಲಿ ಎಂತ ಉಡುದು ನೀವು?" ಅಂತ ಕೇಳಿದರು. ಸೀರೆ ಅಂದೆ. "ಹಾಗಾದ್ರೆ ಒಮ್ಮೆ ಸೀರೆ ಉಟ್ಕೊಂಡು ಬನ್ನಿ." ಉಟ್ಟು ಬಂದೆ. ನಿಲ್ಲಿಸಿದರು, ಕೂರಿಸಿದರು, ಬಗ್ಗಿಸಿದರು. ಲಂಗದ ಲಾಡಿ ಎಲ್ಲಿ ಬರುತ್ತದೆ, ಕೂತಾಗ ಹೊಟ್ಟೆಯ ಮಡಿಕೆ ಎಲ್ಲಿ ಬೀಳುತ್ತದೆ ಎಂದು ನೋಡಿದರು. ಆಮೇಲೆ ಲಾಡಿಯಿಂದ ಕೆಳಗೆ, ನನ್ನ ಕಣ್ಣಿಗೆ ಕಾಣುವ ಕಡೆ ಗುರುತು ಹಾಕಿದರು.

ಗಂಡಸರಿಗೂ ಇದೇ ಮಾತು. ಪಂಚೆ, ಲುಂಗಿ, ಬೆಲ್ಟ್ ಎಲ್ಲಿ ಬಿಗಿಯಾಗುತ್ತದೆ ಎಂದು ತೋರಿಸಿ. ಯಾರೂ ಗುರುತು ಮಾಡದಿದ್ದರೆ ನೀವೇ ಕೇಳಿ. ಸಂಕೋಚ ಮಾಡಬೇಡಿ. ಮಡಿಕೆಯೊಳಗೆ ಸ್ಟೋಮಾ ಬಂದರೆ ಎಷ್ಟು ಒಳ್ಳೆ ಚೀಲ ತಂದರೂ ಸೋರುತ್ತದೆ.

ಆಸ್ಪತ್ರೆಯಲ್ಲಿ ಇರುವಾಗಲೇ

ಮೊದಲ ದಿನಗಳಲ್ಲಿ ಸ್ಟೋಮಾದಿಂದ ಎರಡು ತೆಳ್ಳಗಿನ ನಳಿಗೆಗಳು ಹೊರಗೆ ಬಂದಿರುತ್ತವೆ. ಅವು ಸ್ಟೆಂಟ್. ಹೊಲಿಗೆ ಗಟ್ಟಿಯಾಗುವವರೆಗೆ ಇಟ್ಟು, ಸಾಮಾನ್ಯವಾಗಿ ಎರಡು ವಾರದ ಆಸುಪಾಸಿನಲ್ಲಿ ಡಾಕ್ಟರೇ ತೆಗೆಯುತ್ತಾರೆ. ಚೀಲ ಬದಲಿಸುವಾಗ ಅವನ್ನು ಎಳೆಯಬೇಡಿ.

ಡಿಸ್‌ಚಾರ್ಜ್ ಆಗುವ ಮೊದಲು ಕನಿಷ್ಠ ಎರಡು ಸಲ ನಿಮ್ಮ ಕೈಯಿಂದಲೇ ಚೀಲ ಬದಲಿಸಿ. ಸಿಸ್ಟರ್ ನೋಡುತ್ತಾ ನಿಲ್ಲಲಿ, ಕೈ ನಿಮ್ಮದಿರಲಿ. ನಮ್ಮಲ್ಲಿ ಮನೆಯವರೇ ಕಲಿತು, ರೋಗಿ ಆಚೆ ಮುಖ ತಿರುಗಿಸಿ ಮಲಗುವುದು ಜಾಸ್ತಿ. ನಾನೂ ಮೊದಲು ಹಾಗೇ ಮಲಗಿದ್ದೆ. ಇವರು ಟಾರ್ಚ್ ಹಿಡಿದು ಎಲ್ಲ ಕಲಿತರು. ಒಂದು ದಿನ ಇವರು ಮಣಿಪಾಲಕ್ಕೆ ಹೋಗಿದ್ದಾಗ ಚೀಲ ಎದ್ದಿತು. ಮನೆಯಲ್ಲಿ ನಾನು, ಎಂಬತ್ತು ದಾಟಿದ ಅತ್ತೆ. ಅವತ್ತು ಕಲಿತೆ. ನೀವು ಅಷ್ಟರವರೆಗೆ ಕಾಯಬೇಡಿ.

ಅಂಗಡಿಯಲ್ಲಿ ಏನು ಕೇಳಬೇಕು?

ಬರೀ "ಸ್ಟೋಮಾ ಬ್ಯಾಗ್ ಕೊಡಿ" ಅಂದರೆ ಕೊಲೊಸ್ಟಮಿ ಬ್ಯಾಗ್, ಅಂದರೆ ಮಲದ ಚೀಲ, ಕೈಗೆ ಬರುತ್ತದೆ. ನನಗೆ ಒಂದು ಮೆಡಿಕಲ್‌ನಲ್ಲಿ ಹಾಗೇ ಆಯಿತು. ಪೊಟ್ಟಣ ಬಿಚ್ಚಿದ ಮೇಲೆ ವಾಪಸ್ ತೆಗೆದುಕೊಳ್ಳಲಿಲ್ಲ. ಮಲದ ಚೀಲಕ್ಕೆ ಕೆಳಗೆ ಅಗಲ ಬಾಯಿ ಮತ್ತು ಕ್ಲಿಪ್ ಇರುತ್ತದೆ. ಮೂತ್ರದ ಚೀಲಕ್ಕೆ ಕೆಳಗೆ ನಲ್ಲಿ ಇರುತ್ತದೆ. ಒಳಗೆ ಮೂತ್ರ ಮೇಲಕ್ಕೆ ವಾಪಸ್ ಹೋಗದಂತೆ ತಡೆಯುವ ಪದರವೂ ಇರುತ್ತದೆ. "ಯೂರೋಸ್ಟಮಿ ಬ್ಯಾಗ್, ನಲ್ಲಿ ಇರುವುದು" ಎಂದು ಹೇಳಿ. ಹಳೆಯ ಪೊಟ್ಟಣದ ಲೇಬಲ್ ಫೋಟೋ ಮೊಬೈಲ್‌ನಲ್ಲಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಒನ್ ಪೀಸ್ ಅಂದರೆ ಅಂಟುವ ತಟ್ಟೆ ಮತ್ತು ಚೀಲ ಒಟ್ಟಿಗೆ. ಟೂ ಪೀಸ್ ಅಂದರೆ ತಟ್ಟೆ ಬೇರೆ, ಚೀಲ ಬೇರೆ. ಈ ತಟ್ಟೆಗೆ ಫ್ಲೇಂಜ್ ಎನ್ನುತ್ತಾರೆ. ಟೂ ಪೀಸ್ ತೆಗೆದುಕೊಂಡರೆ ಫ್ಲೇಂಜ್ ಮತ್ತು ಚೀಲದ ಮಿಲಿಮೀಟರ್ ಅಳತೆ ಒಂದೇ ಇರಬೇಕು, ಕಂಪೆನಿಯೂ ಒಂದೇ ಇರಬೇಕು. ಕೋಲೋಪ್ಲಾಸ್ಟ್ ತಟ್ಟೆಗೆ ಹಾಲಿಸ್ಟರ್ ಚೀಲ ಕೂರುವುದಿಲ್ಲ. ಸ್ಟೋಮಾ ಒಳಗೆ ಹೋಗಿದ್ದರೆ ಅಥವಾ ಚರ್ಮದ ಮಟ್ಟಕ್ಕೇ ಇದ್ದರೆ ಮಧ್ಯ ಉಬ್ಬಿರುವ ಕಾನ್‌ವೆಕ್ಸ್ ತಟ್ಟೆ ಬೇಕಾಗಬಹುದು. ಅದನ್ನು ನೀವೇ ಆರಿಸಬೇಡಿ, ಆಸ್ಪತ್ರೆಯವರು ಹೇಳಲಿ.

ಒಮ್ಮೆಗೇ ಐವತ್ತು ತಂದಿಡಬೇಡಿ. ಸ್ಟೋಮಾ ಮೊದಲ ಆರರಿಂದ ಎಂಟು ವಾರ ಸಣ್ಣದಾಗುತ್ತಾ ಹೋಗುತ್ತದೆ. ಅಷ್ಟು ದಿನ ವಾರಕ್ಕೊಮ್ಮೆ ಅಳತೆ ಹಾಕಿ.

ಖರ್ಚಿನ ಮಾತು ಇಲ್ಲೇ ಹೇಳಿಬಿಡುತ್ತೇನೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30% ಸಿಗುತ್ತದೆ, ಮಿತಿ 1.5 ಲಕ್ಷ. ಮಂಗಳೂರಿನ ವೆನ್‌ಲಾಕ್ ಅಥವಾ ಉಡುಪಿಯ ಅಜ್ಜರಕಾಡು ಜಿಲ್ಲಾ ಆಸ್ಪತ್ರೆಯ ರೆಫರಲ್ ವಿಷಯವನ್ನು ಆಪರೇಷನ್ ದಿನ ಗೊತ್ತು ಮಾಡುವ ಮೊದಲೇ ವಿಚಾರಿಸಿ. ಮನೆಗೆ ಬಂದ ಮೇಲಿನ ಚೀಲದ ಖರ್ಚು ತಿಂಗಳು ತಿಂಗಳು ಇದ್ದೇ ಇರುತ್ತದೆ. ಮುಂಬೈಯಲ್ಲಿ ಆಸ್ಟಮಿ ಅಸೋಸಿಯೇಷನ್ ಆಫ್ ಇಂಡಿಯಾ ಇದೆ. ಚೀಲದ ವಿಷಯದಲ್ಲಿ ಸಹಾಯ ಬೇಕಾದರೆ ಅವರನ್ನೂ ಕೇಳಬಹುದು.

ಚೀಲ ಬದಲಿಸುವ ಬೆಳಿಗ್ಗೆ

ಈಗ ಆ ಐದೂವರೆಯ ಕುರ್ಚಿಗೆ ಬರೋಣ. ಬೆಳಿಗ್ಗೆಯೇ ಯಾಕೆ ಅಂದರೆ ರಾತ್ರಿಯಿಡೀ ನೀರು ಕುಡಿದಿರುವುದಿಲ್ಲ, ಮೂತ್ರ ತೊಟ್ಟಿಕ್ಕುವುದು ಕಡಿಮೆ ಇರುತ್ತದೆ. ಚಹಾ ಕುಡಿದು ಕೂತರೆ ಅಂಟು ಹಾಕುವಷ್ಟರಲ್ಲಿ ಎರಡು ಸಲ ಒದ್ದೆಯಾಗುತ್ತದೆ. ಬಚ್ಚಲುಮನೆ ಬೇಡ. ಬಿಸಿನೀರಿನ ಹಬೆ ಇರುವ ಕಡೆ ಚರ್ಮ ಒಣಗುವುದೇ ಇಲ್ಲ.

ಮೊದಲು ಹೊಸದನ್ನು ಪೂರ್ತಿ ತಯಾರು ಮಾಡಿ. ಅಳತೆಯ ಕಾಗದದಲ್ಲಿ ಸ್ಟೋಮಾ ಅಳೆದು, ಅದಕ್ಕಿಂತ 2ರಿಂದ 3 ಮಿಲಿಮೀಟರ್ ಮಾತ್ರ ದೊಡ್ಡದಾಗಿ ತಟ್ಟೆಯ ತೂತು ಕತ್ತರಿಸಿ. ದೊಡ್ಡದಾದರೆ ಚರ್ಮ ಮೂತ್ರದಲ್ಲಿ ನೆನೆಯುತ್ತದೆ. ಸಣ್ಣದಾದರೆ ಸ್ಟೋಮಾವನ್ನು ಕೊರೆಯುತ್ತದೆ. ಕತ್ತರಿಸಿದ ಅಂಚನ್ನು ಬೆರಳಿನಿಂದ ಸವರಿ ನುಣುಪು ಮಾಡಿ. ಆಮೇಲೆ ತಟ್ಟೆಯನ್ನು ಕವರ್ ಸಮೇತ ತೊಡೆಯ ಕೆಳಗೆ ಇಟ್ಟು ಕೂತುಕೊಳ್ಳಿ. ಮೈ ಬಿಸಿಗೆ ಅಂಟು ಮೆದುವಾಗುತ್ತದೆ. ಹೊಸ ಚೀಲದ ನಲ್ಲಿ ಮುಚ್ಚಿದೆಯಾ ನೋಡಿ. ನಗಬೇಡಿ, ಇದನ್ನು ಮರೆತು ಕಾಲೆಲ್ಲ ಒದ್ದೆ ಮಾಡಿಕೊಳ್ಳದವರು ನಮ್ಮಲ್ಲಿ ಯಾರೂ ಇಲ್ಲ.

ಹಳೆಯದನ್ನು ಮೇಲಿನಿಂದ ಕೆಳಕ್ಕೆ ಬಿಡಿಸಿ. ಒಂದು ಕೈ ಚರ್ಮವನ್ನು ಒತ್ತಿ ಹಿಡಿಯಬೇಕು, ಇನ್ನೊಂದು ಕೈ ತಟ್ಟೆಯನ್ನು ಎತ್ತಬೇಕು. ಒದ್ದೆ ಬಟ್ಟೆ ತಾಗಿಸುತ್ತಾ ಹೋದರೆ ಸುಲಭ. ಬ್ಯಾಂಡೇಜ್ ಕಿತ್ತ ಹಾಗೆ ಚರ್ರನೆ ಎಳೆಯಬೇಡಿ.

ತೆಗೆದದ್ದನ್ನು ಕಸಕ್ಕೆ ಹಾಕುವ ಮೊದಲು ಹಿಂಬದಿ ತಿರುಗಿಸಿ ನೋಡಿ. ನನಗೆ ಇದು ಮಕ್ಕಳ ಉತ್ತರ ಪತ್ರಿಕೆ ಇದ್ದ ಹಾಗೆ. ಅಂಟು ಎಲ್ಲಿ ಕರಗಿ ಬಿಳಿ ಲೋಳೆಯಾಗಿದೆಯೋ ಅಲ್ಲಿಂದ ಮೂತ್ರ ಒಳಗೆ ನುಗ್ಗುತ್ತಿದೆ. ನನ್ನದು ಯಾವಾಗಲೂ ಗಡಿಯಾರದ ಐದು ಗಂಟೆಯ ಜಾಗದಲ್ಲಿ ಕರಗುತ್ತಿತ್ತು. ಅಲ್ಲಿ ಹೊಟ್ಟೆಯಲ್ಲಿ ಸಣ್ಣ ಗುಳಿ ಇದೆ. ಒಂದು ಸೀಲ್ ರಿಂಗ್, ಅಂದರೆ ಗುಳಿ ತುಂಬುವ ಮೆದು ಅಂಟಿನ ಬಳೆ, ಇಟ್ಟ ಮೇಲೆ ನಿಂತಿತು.

ಈಗ ಬತ್ತಿ. ಗಾಜ್ ಸುರುಳಿಯನ್ನು ಸ್ಟೋಮಾದ ಬಾಯಿಗೆ ಮೆಲ್ಲಗೆ ತಾಗಿಸಿ ಹಿಡಿಯಿರಿ, ಒಳಗೆ ತುರುಕಬೇಡಿ. ಮೂತ್ರವನ್ನು ಅದು ಹೀರಿಕೊಳ್ಳುತ್ತಿರುತ್ತದೆ. ಆ ಹೊತ್ತಿನಲ್ಲಿ ಸುತ್ತಲಿನ ಚರ್ಮವನ್ನು ಬರೀ ಉಗುರುಬೆಚ್ಚಗಿನ ನೀರಿನಲ್ಲಿ ಒರೆಸಿ. ಡೆಟಾಲ್ ಬೇಡ, ಮೈಗೆ ಹಾಕುವ ಪೌಡರ್ ಬೇಡ, ಮಕ್ಕಳ ವೆಟ್ ವೈಪ್ಸ್ ಬೇಡ. ಒಣ ಬಟ್ಟೆಯಿಂದ ಒತ್ತಿ ಒಣಗಿಸಿ, ಉಜ್ಜಬೇಡಿ. ಆಮೇಲೆ ಫ್ಯಾನಿನ ಗಾಳಿ ತಾಗಲಿ. ಬತ್ತಿ ಒದ್ದೆಯಾದರೆ ಇನ್ನೊಂದು ತೆಗೆದುಕೊಳ್ಳಿ.

ಹೊಸ ತಟ್ಟೆಯನ್ನು ಕೆಳಗಿನಿಂದ ಮೇಲಕ್ಕೆ ಅಂಟಿಸಿ. ಮೊದಲು ಸ್ಟೋಮಾದ ಬುಡದ ಸುತ್ತ ಬೆರಳಿನಿಂದ ಒತ್ತಿ, ಆಮೇಲೆ ಹೊರಗಿನ ಅಂಚು. ಕೊನೆಗೆ ಅಂಗೈಯನ್ನು ಅದರ ಮೇಲೆ ಇಟ್ಟು ಐದು ನಿಮಿಷ ಸುಮ್ನೆ ಕೂತುಕೊಳ್ಳಿ. ಎದ್ದ ಕೂಡಲೇ ಬಗ್ಗಬೇಡಿ. ನಾನು ಆ ಐದು ನಿಮಿಷ ಹೊರಗೆ ಕಾಗೆ ಕೂಗುವುದನ್ನು ಕೇಳುತ್ತಾ ಇರುತ್ತೇನೆ. ಚಹಾ ಅದರ ನಂತರ.

ಕೊಯಮುತ್ತೂರಿನಲ್ಲಿರುವ ನನ್ನ ತಂಗಿಯ ಪರಿಚಯದವರಿಗೆ ಒಂದು ಚೀಲ ಐದು ದಿನ ಬರುತ್ತದಂತೆ. ನನಗೆ ಏಪ್ರಿಲ್, ಮೇಯಲ್ಲಿ ಮೂರು ದಿನ ಬಂದರೆ ದೊಡ್ಡದು. ಕರಾವಳಿಯ ಬೆವರಿಗೆ ಅಂಟು ಬೇಗ ಸೋಲುತ್ತದೆ. ಬೇರೆಯವರ ಲೆಕ್ಕ ಹಿಡಿಯಬೇಡಿ. ಸೋರುವ ಮೊದಲೇ, ನಿಮ್ಮದೇ ಲೆಕ್ಕದಲ್ಲಿ, ವಾರ ಗೊತ್ತು ಮಾಡಿ ಬದಲಿಸಿ. ನನ್ನದು ಬುಧವಾರ ಮತ್ತು ಭಾನುವಾರ. ಸೆಖೆಗಾಲದಲ್ಲಿ ಮಧ್ಯೆ ಇನ್ನೊಂದು ಸೇರುತ್ತದೆ. ಚೀಲದ ಡಬ್ಬಿಯನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ, ಅಂಟು ಹಾಳಾಗುತ್ತದೆ.

ಚರ್ಮ, ಮತ್ತು ತೆಂಗಿನೆಣ್ಣೆ

ಸ್ಟೋಮಾ ತನ್ನನ್ನು ತಾನೇ ನೋಡಿಕೊಳ್ಳುತ್ತದೆ. ನೀವು ನೋಡಿಕೊಳ್ಳಬೇಕಾದ್ದು ಸುತ್ತಲಿನ ನಾಲ್ಕು ಬೆರಳು ಚರ್ಮವನ್ನು. ನನ್ನ ಅನುಭವದಲ್ಲಿ ಅದು ಚೆನ್ನಾಗಿದ್ದರೆ ಉಳಿದದ್ದೆಲ್ಲ ನಡೆಯುತ್ತದೆ.

ಮನೆಗೆ ಬಂದ ಎರಡನೇ ವಾರ ಚರ್ಮ ಕೆಂಪಾಗಿತ್ತು. ಅತ್ತೆ ನೋಡಿ, "ಚೂರು ತೆಂಗಿನೆಣ್ಣೆ ಹಚ್ಚು ಮಾರಾಯ್ತಿ, ಎರಡು ದಿನದಲ್ಲಿ ಹೋಗ್ತದೆ" ಅಂದರು. ಹಚ್ಚಿದೆ. ಮಧ್ಯಾಹ್ನದ ಊಟಕ್ಕೆ ಕೂರುವಷ್ಟರಲ್ಲಿ, ಎಣ್ಣೆ ಹಚ್ಚಿದ ಕಾವಲಿಯಿಂದ ದೋಸೆ ಎದ್ದ ಹಾಗೆ ತಟ್ಟೆ ಎದ್ದು ಬಂತು. ನಮ್ಮೂರಲ್ಲಿ ಗಾಯಕ್ಕೂ ತೆಂಗಿನೆಣ್ಣೆ, ತಲೆನೋವಿಗೂ ತೆಂಗಿನೆಣ್ಣೆ. ಈ ಒಂದು ಜಾಗಕ್ಕೆ ಮಾತ್ರ ಎಣ್ಣೆ, ಮುಲಾಮು, ಕ್ರೀಮ್ ಯಾವುದೂ ಬೇಡ. ದೀಪಾವಳಿಯ ಎಣ್ಣೆ ಸ್ನಾನವನ್ನು ನಾನು ಬಿಟ್ಟಿಲ್ಲ. ತಲೆಗೆ, ಕೈಕಾಲಿಗೆ ಹಚ್ಚಿಸಿಕೊಳ್ಳುತ್ತೇನೆ, ಹೊಟ್ಟೆಗೆ ಇಲ್ಲ.

ಕೆಂಪು ಎಲ್ಲವೂ ಒಂದೇ ಅಲ್ಲ. ಸ್ಟೋಮಾದ ಬುಡಕ್ಕೆ ತಾಗಿಕೊಂಡು ಹಸಿ ಹಸಿಯಾಗಿ ಉರಿಯುತ್ತಿದ್ದರೆ ಮೂತ್ರ ತಾಗುತ್ತಿದೆ, ತೂತಿನ ಅಳತೆ ನೋಡಿ. ಸ್ಟೋಮಾ ಪೌಡರ್ ತೆಳ್ಳಗೆ ಉದುರಿಸಿ, ಜಾಸ್ತಿಯಾದದ್ದನ್ನು ಕೊಡವಿ, ಆಮೇಲೆ ಅಂಟಿಸಿ. ತಟ್ಟೆಯ ಆಕಾರದಲ್ಲೇ ಗೆರೆ ಎಳೆದ ಹಾಗೆ ಕೆಂಪಾಗಿದ್ದರೆ ಅಂಟಿಗೆ ಅಲರ್ಜಿ ಇರಬಹುದು, ಬೇರೆ ಕಂಪೆನಿಯದನ್ನು ನೋಡಬೇಕು. ಸಣ್ಣ ಸಣ್ಣ ಚುಕ್ಕೆ, ವಿಪರೀತ ತುರಿಕೆ, ಆಚೆ ಹರಡುತ್ತಿದೆ ಅಂದರೆ ಫಂಗಸ್. ಮಳೆಗಾಲದಲ್ಲಿ, ಸೆಖೆಯಲ್ಲಿ ನಮ್ಮ ಕಡೆ ಇದರ ಕಾಟ ಹೆಚ್ಚು. ಡಾಕ್ಟರ್ ಪೌಡರ್ ಬರೆದು ಕೊಡುತ್ತಾರೆ. ಸ್ಟೋಮಾದ ಸುತ್ತ ಬಿಳಿ ಹರಳು ಮರಳಿನಂತೆ ಕಟ್ಟಿದರೆ ಮೂತ್ರದಲ್ಲಿ ಕ್ಷಾರ ಜಾಸ್ತಿಯಾಗಿದೆ ಎಂದು ಅರ್ಥ. ನೀರು ಜಾಸ್ತಿ ಕುಡಿಯಿರಿ, ಆಸ್ಪತ್ರೆಯಲ್ಲಿ ತೋರಿಸಿ.

ಪ್ಲಾಸ್ಟಿಕ್ ಚೀಲ ಹೊಟ್ಟೆಗೆ, ತೊಡೆಗೆ ತಾಗಿ ಬೆವರುಸಾಲೆ ಆಗುತ್ತದೆ. ಹಳೆಯ ಕಾಟನ್ ಸೀರೆಯಿಂದ ನಾಲ್ಕು ಕವರ್ ಹೊಲಿದುಕೊಂಡಿದ್ದೇನೆ, ದಿಂಬಿನ ಕವರ್‌ನ ಮರಿಯಂತೆ. ಒಂದು ಒಗೆಯಲು, ಒಂದು ಹಾಕಲು, ಎರಡು ಮಳೆಗಾಲಕ್ಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದು ನಮಗೆ ಗೊತ್ತಲ್ವಾ.

ಸ್ನಾನ ಚೀಲ ಹಾಕಿಕೊಂಡೇ ಮಾಡಬಹುದು. ಬದಲಿಸುವ ದಿನ ಚೀಲ ಇಲ್ಲದೆಯೂ ಮಾಡಬಹುದು, ನೀರು ಒಳಗೆ ಹೋಗುವುದಿಲ್ಲ. ಜೋರು ನೀರು ನೇರ ಬಡಿಯುವುದು ಮಾತ್ರ ಬೇಡ.

ಹಗಲು ಖಾಲಿ ಮಾಡುವುದು, ರಾತ್ರಿ ಮಲಗುವುದು

ಚೀಲ ಮೂರನೇ ಒಂದು ಭಾಗ, ಹೆಚ್ಚೆಂದರೆ ಅರ್ಧ ತುಂಬಿದಾಗ ಖಾಲಿ ಮಾಡಿ. ಎರಡು ಮೂರು ಗಂಟೆಗೊಮ್ಮೆ ಬರುತ್ತದೆ. ತುಂಬಿದರೆ ಭಾರಕ್ಕೆ ಅಂಟು ಎಳೆಯುತ್ತದೆ. ಕೊನೆಯಲ್ಲಿ ನಲ್ಲಿಯ ಮೂತಿಯನ್ನು ಟಿಶ್ಯೂನಲ್ಲಿ ಒರೆಸಿ, ಮುಚ್ಚಿ, ಮುಚ್ಚಿದೆಯಾ ಎಂದು ಇನ್ನೊಮ್ಮೆ ನೋಡಿ. ವಾಸನೆ ಬರುವುದು ಹೆಚ್ಚಾಗಿ ಒರೆಸದ ಈ ಮೂತಿಯಿಂದಲೇ, ಚೀಲದಿಂದ ಅಲ್ಲ.

ರಾತ್ರಿಗೆ 2 ಲೀಟರಿನ ನೈಟ್ ಬ್ಯಾಗ್ ಸಿಗುತ್ತದೆ. ಹೊಟ್ಟೆಯ ಚೀಲದ ನಲ್ಲಿಗೆ ಅದರ ಪೈಪ್ ಜೋಡಿಸಬೇಕು. ಜೋಡಿಸುವಾಗ ಚೀಲದಲ್ಲಿ ಸ್ವಲ್ಪ ಮೂತ್ರ ಇರಲಿ. ಪೂರ್ತಿ ಖಾಲಿ ಇದ್ದರೆ ಚೀಲ ಒಳಗೊಳಗೇ ಅಂಟಿಕೊಂಡು ಹರಿಯುವುದಿಲ್ಲ. ಆಮೇಲೆ ನಲ್ಲಿ ತೆರೆಯಿರಿ. ನಾನು ಒಮ್ಮೆ ತೆರೆಯಲು ಮರೆತು, ಬೆಳಗಿನ ಜಾವ ಹಾಸಿಗೆಯಲ್ಲಿ ಕೆರೆ ಆಗಿತ್ತು. ಬ್ಯಾಗ್ ಮಂಚಕ್ಕಿಂತ ಕೆಳಗೆ ನೇತಾಡಬೇಕು. ಸೊಳ್ಳೆಪರದೆ ಇದ್ದರೆ ಪೈಪನ್ನು ಕಾಲ ಬುಡದಲ್ಲಿ ಪರದೆಯ ಅಡಿಯಿಂದ ಹೊರಗೆ ಬಿಡಿ. ಹಾಸಿಗೆಯ ಕೆಳಗೆ ಪರದೆ ಸಿಕ್ಕಿಸುವಾಗ ಪೈಪ್ ಮಡಚದಂತೆ ನೋಡಿ. ಬೆಳಿಗ್ಗೆ ಬ್ಯಾಗ್ ತೊಳೆದು, ಒಂದು ಪಾಲು ಬಿಳಿ ವಿನೆಗರ್‌ಗೆ ಮೂರು ಪಾಲು ನೀರು ಹಾಕಿ ಅರ್ಧ ಗಂಟೆ ಬಿಟ್ಟು, ಮತ್ತೆ ತೊಳೆದು ನೆರಳಿನಲ್ಲಿ ನೇತುಹಾಕಿ.

ಕುಡಿಯುವುದು, ತಿನ್ನುವುದು

ಡಾಕ್ಟರ್ ಬೇಡ ಅನ್ನದಿದ್ದರೆ ದಿನಕ್ಕೆ 2ರಿಂದ 2.5 ಲೀಟರ್. ಸೋರುತ್ತದೆ ಎಂದು ಹೆದರಿ ನೀರು ಕಡಿಮೆ ಮಾಡುವವರು ತುಂಬ ಜನ. ಅದು ಸೋಂಕಿಗೆ, ಕಲ್ಲಿಗೆ ನೇರ ದಾರಿ. ಗಂಜಿ ತೆಳಿ, ಮಜ್ಜಿಗೆ, ಬಾರ್ಲಿ ನೀರು ಎಲ್ಲ ಲೆಕ್ಕಕ್ಕೆ ಬರುತ್ತದೆ. ಪುನರ್ಪುಳಿ ಶರಬತ್ತು ನಾನು ಕುಡಿಯುತ್ತೇನೆ, ಔಷಧ ಅಂತ ಅಲ್ಲ, ಇಷ್ಟ ಅಂತ. ಎಳನೀರಿನಲ್ಲಿ ಪೊಟ್ಯಾಶಿಯಂ ಇದೆ. ಕಿಡ್ನಿ ಸೋತಿದ್ದರೆ ಕೇಳದೆ ಕುಡಿಯಬೇಡಿ.

ಊಟಕ್ಕೆ ದೊಡ್ಡ ಪಥ್ಯ ಇಲ್ಲ. ಕರುಳು ಜೋಡಿಸಿದ್ದಾರಲ್ಲ, ಮೊದಲ ಕೆಲವು ವಾರ ಸ್ವಲ್ಪ ಸ್ವಲ್ಪ ತಿನ್ನಿ, ಅಗಿದು ತಿನ್ನಿ. ಕುಚ್ಚಲಕ್ಕಿ ಗಂಜಿ ಹೇಳಿ ಮಾಡಿಸಿದ್ದು. ಮೀನು, ಈರುಳ್ಳಿ, ಬೆಳ್ಳುಳ್ಳಿ ತಿಂದ ದಿನ ಮೂತ್ರದ ವಾಸನೆ ಬದಲಾಗಬಹುದು. ಬೀಟ್‌ರೂಟ್ ತಿಂದರೆ ಬಣ್ಣ ಕೆಂಪಾಗಬಹುದು, ರಕ್ತ ಎಂದು ಓಡಬೇಡಿ, ಹಿಂದಿನ ದಿನದ ಪಲ್ಯ ನೆನಪಿಸಿಕೊಳ್ಳಿ.

ಹೊರಗೆ ಹೋಗುವಾಗ

ಆಪರೇಷನ್ ಆಗಿ ನಾಲ್ಕು ತಿಂಗಳಿಗೆ ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ ಹತ್ತಿದೆ. ಅಣ್ಣನ ಮಗಳ ನಿಶ್ಚಿತಾರ್ಥ. ರೇಷ್ಮೆ ಸೀರೆ. ಬೆಳಿಗ್ಗೆ ಅವಸರದಲ್ಲಿ ಚೀಲ ಬದಲಿಸಿ, ಅಂಗೈ ಇಟ್ಟು ಕೂರದೆ, ತಕ್ಷಣ ಲಂಗ ಕಟ್ಟಿ ಹೊರಟಿದ್ದೆ. ರೇಷ್ಮೆ ಸೀರೆ ಜಾರಬಾರದು ಅಂತ ಲಾಡಿಯನ್ನು ಸ್ವಲ್ಪ ಕೆಳಗೆ ಇಳಿಸಿ ಬಿಗಿಯಾಗಿ ಕಟ್ಟಿದ್ದೆ, ಸರಿಯಾಗಿ ತಟ್ಟೆಯ ಮೇಲೆ. ಪಡುಬಿದ್ರಿ ದಾಟುವಾಗ ತೊಡೆ ಬೆಚ್ಚಗಾಯಿತು. ಮೂಲ್ಕಿಯಲ್ಲಿ ಇಳಿದೆ. ಒಂದು ಹೋಟೆಲಿನಲ್ಲಿ ಕೇಳಿದೆ, ಕ್ಯಾಶ್‌ನಲ್ಲಿದ್ದ ಹುಡುಗ ಏನೂ ಕೇಳದೆ ಒಳಗಿನ ಟಾಯ್ಲೆಟ್ ತೋರಿಸಿದ. ಕೈಚೀಲದಲ್ಲಿ ಇನ್ನೊಂದು ಸೆಟ್ ಇತ್ತು, ಇನ್ನೊಂದು ಲಂಗ ಇರಲಿಲ್ಲ.

ಈಗ ನನ್ನ ಕೈಚೀಲದಲ್ಲಿ ಇರುವುದು: ಮೊದಲೇ ಕತ್ತರಿಸಿದ ಎರಡು ಸೆಟ್, ಬತ್ತಿಗೆ ಗಾಜ್, ಸಣ್ಣ ಟವೆಲ್, ಒಂದು ಬಾಟಲಿ ನೀರು, ಕಪ್ಪು ಪ್ಲಾಸ್ಟಿಕ್ ಕವರ್, ಒಂದು ಲಂಗ. ಜೊತೆಗೆ ಒಂದು ಚೀಟಿ: "ನನಗೆ ಯೂರೋಸ್ಟಮಿ ಆಗಿದೆ, ಮೂತ್ರಕೋಶ ಇಲ್ಲ." ದಾರಿಯಲ್ಲಿ ಪ್ರಜ್ಞೆ ತಪ್ಪಿದರೆ ಯಾರೋ ಕೆಳಗಿನಿಂದ ಕ್ಯಾಥೆಟರ್ ಹಾಕಲು ನೋಡಬಾರದಲ್ಲ. ಬಸ್ ಹತ್ತುವ ಮೊದಲು ಖಾಲಿ ಮಾಡುತ್ತೇನೆ, ಬೇಕಿರಲಿ ಬೇಡದಿರಲಿ. ಶಿರಾಡಿ ಘಾಟಿಯಲ್ಲಿ ರಾತ್ರಿ ಬಸ್ಸಿಗಿಂತ ರೈಲು ಲೇಸು, ಟಾಯ್ಲೆಟ್ ಪಕ್ಕದಲ್ಲೇ ಇರುತ್ತದೆ. ವಿಮಾನದಲ್ಲಿ ಹೋಗುವುದಾದರೆ ಬಜ್ಪೆಯ ತಪಾಸಣೆಗೆ ಡಾಕ್ಟರ್ ಪತ್ರ ಇಟ್ಟುಕೊಳ್ಳಿ. ಚೀಲಗಳು ಕೈಯಲ್ಲೇ ಇರಲಿ, ಲಗೇಜಿಗೆ ಹಾಕಬೇಡಿ.

ದೇವಸ್ಥಾನದ ವಿಷಯ ಗಂಡಸರು ಕೇಳುತ್ತಾರೆ. ಕೃಷ್ಣ ಮಠದಲ್ಲಿ ಅಂಗಿ ತೆಗೆಯಬೇಕು, ಚೀಲ ಕಾಣುತ್ತದಲ್ಲ ಅಂತ. ಓಪಿಡಿ ಸಾಲಿನಲ್ಲಿ ಪರಿಚಯವಾದ ಮಲ್ಪೆಯ ಒಬ್ಬರು ಶಾಲ್ಯವನ್ನು ಹೆಗಲಿಗೆ ಹಾಕದೆ ಸೊಂಟಕ್ಕೆ ಸುತ್ತುತ್ತಾರೆ. "ಯಾರಿಗೂ ಗೊತ್ತಾಗಿಲ್ಲ ಟೀಚರ್, ಮೂರು ವರ್ಷ ಆಯ್ತು" ಅಂದರು. ಮಡಿ ಮೈಲಿಗೆ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಮೂತ್ರ ಮೊದಲೂ ಹೊಟ್ಟೆಯಲ್ಲೇ ಇತ್ತು. ನಮಾಜಿನ ವುಜು ಬಗ್ಗೆ ಸಂಶಯ ಇದ್ದವರು ಉಸ್ತಾದರನ್ನು ಕೇಳಿ.

ಭಾರ ಎತ್ತುವುದು ಬೇಡ. ಮೊದಲ ಆರರಿಂದ ಎಂಟು ವಾರ ನಾಲ್ಕೈದು ಕೆಜಿಗಿಂತ ಜಾಸ್ತಿ ಇಲ್ಲ. ತುಂಬಿದ ಕೊಡಪಾನವೂ ಇಲ್ಲ. ಗ್ಯಾಸ್ ಸಿಲಿಂಡರ್ ಜಾರಿಸುವ ಕೆಲಸ ನನಗೆ ಈಗಲೂ ಇಲ್ಲ, ಅದರಲ್ಲಿ ಗ್ಯಾಸೇ 14.2 ಕೆಜಿ. ಸ್ಟೋಮಾದ ಪಕ್ಕ ಹರ್ನಿಯಾ ಆಗುವ ಸಂಭವ ಇದೆ. ಕೆಮ್ಮುವಾಗ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿಯಿರಿ.

ಗಂಡ ಹೆಂಡತಿ ವಿಷಯ ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಚೀಲ ಖಾಲಿ ಮಾಡಿ, ಬಟ್ಟೆಯ ಪಟ್ಟಿ ಕಟ್ಟಿಕೊಂಡರೆ ತೊಂದರೆ ಇಲ್ಲ. ಆದರೆ ಈ ಆಪರೇಷನ್‌ನಲ್ಲಿ ಗಂಡಸರಿಗೂ ಹೆಂಗಸರಿಗೂ ಒಳಗಿನ ಬೇರೆ ಅಂಗಗಳು, ನರಗಳು ಹೋಗಿರಬಹುದು. ಏನೇನು ತೆಗೆದಿದ್ದಾರೆ ಎಂದು ಡಾಕ್ಟರ್ ಹತ್ತಿರ ಬಿಚ್ಚಿ ಕೇಳಿ. ಅವರು ದಿನಾ ಕೇಳುವ ಪ್ರಶ್ನೆ ಅದು.

ಯಾವಾಗ ಕಾಯಬಾರದು?

ನಾಲ್ಕೈದು ಗಂಟೆ ಒಂದು ಹನಿಯೂ ಬರದಿದ್ದರೆ. ಚಳಿ ಜ್ವರ ಬಂದರೆ, ಸೊಂಟದ ಹಿಂಭಾಗ ನೋವಿದ್ದರೆ. ಸ್ಟೋಮಾ ಕಪ್ಪಾದರೆ ಅಥವಾ ನೀಲಿಯಾದರೆ. ರಕ್ತ ನಿಲ್ಲದೆ ಹರಿದರೆ. ವಾಂತಿ ಆಗಿ ಹೊಟ್ಟೆ ಉಬ್ಬಿದರೆ. ಇಷ್ಟಕ್ಕೆ ಬೆಳಗಾಗಲಿ ಎಂದು ಕೂರಬೇಡಿ, 108ಕ್ಕೆ ಫೋನ್ ಮಾಡಿ ಅಥವಾ ರಿಕ್ಷಾ ಹತ್ತಿ. ಚೀಲ ನೇರಳೆ ಬಣ್ಣಕ್ಕೆ ತಿರುಗುವುದೂ ಉಂಟು, ನೇರಳೆ ಹಣ್ಣಿನ ರಸ ಚೆಲ್ಲಿದ ಹಾಗೆ. ಮಲಬದ್ಧತೆ ಮತ್ತು ಕೆಲವು ಬ್ಯಾಕ್ಟೀರಿಯಾ ಸೇರಿ ಆಗುವ ಆಟ ಅದು. ಅದಕ್ಕೆ ರಾತ್ರಿ ಓಡಬೇಕಿಲ್ಲ, ಆದರೆ ಡಾಕ್ಟರಿಗೆ ಹೇಳಿ.

ಮೂತ್ರ ಪರೀಕ್ಷೆಗೆ ಹಾಕಿಕೊಂಡಿರುವ ಚೀಲದಿಂದ ಹಿಡಿದು ಕೊಡಬೇಡಿ. ಅದರಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ. ಸುಮ್ನೆ ಆಂಟಿಬಯೋಟಿಕ್ ನುಂಗಬೇಕಾಗುತ್ತದೆ. ಸ್ಟೋಮಾದಿಂದಲೇ ಸಣ್ಣ ನಳಿಗೆ ಹಾಕಿ ತೆಗೆಯಬೇಕು. ಲ್ಯಾಬಿನ ಹುಡುಗರಿಗೆ ಇದು ಗೊತ್ತಿರದಿದ್ದರೆ ನೀವೇ ಹೇಳಬೇಕಾಗುತ್ತದೆ. ಜ್ವರ, ನೋವು ಇಲ್ಲದಿದ್ದರೆ ಬರೀ ರಿಪೋರ್ಟ್ ನೋಡಿ ಔಷಧ ಬೇಕಾಗುವುದು ಅಪರೂಪ.

ಕಿಡ್ನಿ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್, ರಕ್ತದ ಲವಣಾಂಶ, ಕಿಡ್ನಿಯ ಸ್ಕ್ಯಾನ್, ವಿಟಮಿನ್ ಬಿ12 ಇವನ್ನು ಡಾಕ್ಟರ್ ಹೇಳಿದ ಲೆಕ್ಕದಲ್ಲಿ ಮಾಡಿಸುತ್ತಾ ಇರಿ. ಬಿ12 ಯಾಕೆ ಅಂದರೆ, ಅದನ್ನು ಹೀರಿಕೊಳ್ಳುವುದೇ ಸಣ್ಣ ಕರುಳಿನ ಕೊನೆಯ ಭಾಗ, ನಮ್ಮದರಲ್ಲಿ ಒಂದು ತುಂಡು ಅಲ್ಲಿಂದ ಎದ್ದು ಹೋಗಿದೆ.

ಹಳೆ ಚೀಲವನ್ನು ಕಮೋಡಿಗೆ ಹಾಕಬೇಡಿ, ಕಟ್ಟಿಕೊಳ್ಳುತ್ತದೆ. ತೆಂಗಿನ ಬುಡಕ್ಕೂ ಬೇಡ. ಮೂತ್ರ ಚೆಲ್ಲಿ, ಪೇಪರಿನಲ್ಲಿ ಸುತ್ತಿ, ಸ್ಯಾನಿಟರಿ ಪ್ಯಾಡ್ ಕೊಡುವ ಹಾಗೆ ಬೇರೆ ಕಟ್ಟಿ ಕಸದ ಗಾಡಿಗೆ ಕೊಡಿ. ನಮ್ಮ ಬೀದಿಗೆ ಗಾಡಿ ಏಳು ಗಂಟೆಗೆ ಬರುತ್ತದೆ. ಐದೂವರೆಗೆ ಎದ್ದರೆ ಅಷ್ಟರಲ್ಲಿ ಚೀಲ ಬದಲಿಸಿ, ಚಹಾ ಕುಡಿದು, ಕಟ್ಟು ಹಿಡಿದು ಗೇಟಿನ ಹತ್ತಿರ ನಿಲ್ಲಲು ಸರಿಹೋಗುತ್ತದೆ.